ಯಾರನ್ನು ಯಾರೊಡನೆ ಹೋಲಿಸುವುದು?

ವಿದೇಶಕ್ಕೆ ಹೋಗಿ ಓದುವುದೆಂದರೆ ಕಾಸರಗೋಡಿನ ಮನೆಗಳಲ್ಲಿ ಸಾಮಾನ್ಯವಾಗಿ ನೆನಪಾಗುವುದು ಇಂಜಿನಿಯರಿಂಗ್, ನರ್ಸಿಂಗ್, ಇಲ್ಲವೇ ಎಂ.ಬಿ.ಎ. ಮಗು ಹೇಗೆ ಕಲಿಯುತ್ತದೆ, ಶಾಲೆ ಹೇಗೆ ಉಳಿಯುತ್ತದೆ ಎಂಬುದನ್ನು ಓದಲು ಯಾರಾದರೂ ಸಮುದ್ರ ದಾಟುತ್ತಾರೆಂದರೆ ಹುಬ್ಬೇರುತ್ತದೆ. ಅನುದಾನಿತ ಕನ್ನಡ ಶಾಲೆಯೊಂದರಲ್ಲಿ ಕೆಲವು ವರ್ಷ ಪಾಠ ಹೇಳಿದ ಅಧ್ಯಾಪಿಕೆಯೊಬ್ಬರು ಸ್ವೀಡನ್ನಿಗೆ ಹೊರಟು ನಿಂತಾಗ ಅವರ ಅಜ್ಜ ಕೇಳಿದ್ದೂ ಅದನ್ನೇ: “ಮಕ್ಕಳಿಗೆ ಕಲಿಸಲಿಕ್ಕೆ ನಿನಗೆ ಬರ್ತದಲ್ಲ ಮಗಾ, ಇನ್ನು ಅದರ ಮೇಲೆ ಕಲಿಯಲಿಕ್ಕೆ ಎಂತ ಉಂಟು?”

ಅವರು ಸೇರಿದ್ದು ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ, ಶೈಕ್ಷಣಿಕ ಸಂಶೋಧನೆಯ ಅಂತಾರಾಷ್ಟ್ರೀಯ ಸ್ನಾತಕೋತ್ತರ ತರಗತಿಗೆ. (ಊರಿನವರ ಬಾಯಲ್ಲಿ ಆ ಹೆಸರು ‘ಯೋತೆಬೊರಿ’ ಎಂದು ಕೇಳಿಸುತ್ತದೆ, ಬರೆದಂತೆ ಓದುವ ಕನ್ನಡದವರಿಗೆ ಇದು ಮೊದಲ ಪೆಟ್ಟು.) ಎರಡು ವರ್ಷ, ನೂರಇಪ್ಪತ್ತು ಕ್ರೆಡಿಟ್. ಯುರೋಪಿನ ಒಕ್ಕೂಟದ ಹೊರಗಿನಿಂದ ಬಂದವರು 2011ರಿಂದ ಅಲ್ಲಿ ಶುಲ್ಕ ತೆರಬೇಕಾಗಿದೆ. ವಿದ್ಯಾರ್ಥಿವೇತನ ಸಿಗದಿದ್ದರೆ ಸಾಧಾರಣ ಕುಟುಂಬಕ್ಕೆ ಅದು ನಿಲುಕುವ ಮಾತಲ್ಲ. ಬೋಧನೆ ಇಂಗ್ಲಿಷಿನಲ್ಲಿ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿದವರಿಗೆ ಮೊದಲ ತಿಂಗಳುಗಳಲ್ಲಿ ಓದಿನ ರಾಶಿಯೇ ಭಯ ಹುಟ್ಟಿಸಿತು. ಆದರೆ ಅವರು ಕುಳಿತ ಮೇಜಿನ ಸುತ್ತ ಇಂಗ್ಲಿಷನ್ನು ಮನೆಮಾತಾಗಿ ಉಳ್ಳವರು ಒಬ್ಬರೂ ಇರಲಿಲ್ಲ. ಪ್ರಾಧ್ಯಾಪಕರನ್ನು ಹೆಸರು ಹಿಡಿದು ಕರೆಯುವುದು ಅದಕ್ಕಿಂತ ಕಷ್ಟವಾಯಿತು. ‘ಸರ್’ ಇಲ್ಲದೆ ವಾಕ್ಯವೇ ಹೊರಡದು.

ಆ ವಿಶ್ವವಿದ್ಯಾಲಯಕ್ಕೆ ಶೈಕ್ಷಣಿಕ ಸಂಶೋಧನೆಯಲ್ಲಿ ತನ್ನದೇ ಒಂದು ಪರಂಪರೆಯಿದೆ. ಫೆರೆನ್ಸ್ ಮಾರ್ಟನ್ ಮತ್ತು ರೋಗೆರ್ ಸೆಲ್ಯೊ ಎಂಬವರು 1976ರಲ್ಲಿ ಪ್ರಕಟಿಸಿದ ಅಧ್ಯಯನ ಅದರಲ್ಲಿ ಪ್ರಸಿದ್ಧವಾದುದು. ಅವರು ಮಾಡಿದ್ದು ಸರಳ: ವಿದ್ಯಾರ್ಥಿಗಳಿಗೆ ಒಂದು ಲೇಖನ ಕೊಟ್ಟು ಓದಿಸಿದರು, ಅನಂತರ ಏನು ಅರ್ಥವಾಯಿತು, ಹೇಗೆ ಓದಿದಿರಿ ಎಂದು ಒಬ್ಬೊಬ್ಬರನ್ನೂ ಕೇಳಿದರು. ಎಷ್ಟು ನೆನಪಿದೆ ಎಂಬುದಕ್ಕಿಂತ, ಒಂದೇ ಲೇಖನ ಎಷ್ಟು ಬಗೆಯಲ್ಲಿ ಅರ್ಥವಾಗಿದೆ ಎಂಬುದು ಅವರಿಗೆ ಮುಖ್ಯವಾಯಿತು. ಮುಂದೆ ಪ್ರಶ್ನೆ ಬರುತ್ತದೆಂದು ಪದಗಳನ್ನೇ ಹಿಡಿದುಕೊಂಡವರು ಕೆಲವರು. ಬರೆದವನು ಏನು ಹೇಳಹೊರಟಿದ್ದಾನೆ ಎಂದು ಹುಡುಕಿದವರು ಕೆಲವರು. ಮೊದಲನೆಯದನ್ನು ಮೇಲ್ಪದರದ ಓದು, ಎರಡನೆಯದನ್ನು ಆಳದ ಓದು ಎಂದು ಕರೆದರು. ಗೈಡ್ ಪುಸ್ತಕದ ಉತ್ತರಗಳನ್ನು ಅಲ್ಪವಿರಾಮ ಸಹಿತ ಒಪ್ಪಿಸುವ ಮಕ್ಕಳಿಗೆ ಪೂರ್ಣ ಅಂಕ ಕೊಟ್ಟುಬಂದ ಅಧ್ಯಾಪಿಕೆಗೆ ಈ ಪಾಠ ಸುಮ್ಮನೆ ಕೇಳಿಹೋಗುವಂಥದ್ದಾಗಿರಲಿಲ್ಲ. ಅಜ್ಜನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ದೊರೆಯಿತು: ಕಲಿಸುವವನು ತಾನು ಏನು ಹೇಳಿದೆನೆಂಬುದನ್ನು ಬಲ್ಲ, ಕೇಳಿದವನಿಗೆ ಏನು ತಲುಪಿತೆಂಬುದನ್ನು ಕೇಳಿಯೇ ತಿಳಿಯಬೇಕು.

ಉಳಿದರ್ಧ ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಸಿಕ್ಕಿತು. ಸ್ವೀಡನ್ನಿನ ಶಾಲೆಗಳಲ್ಲಿ ವಲಸೆ ಬಂದವರ ಮಕ್ಕಳಿಗೆ ಮನೆಮಾತನ್ನು ಒಂದು ವಿಷಯವಾಗಿ ಕಲಿಸುವ ಏರ್ಪಾಡಿದೆ. ಭಾಷೆಯೊಂದನ್ನು ಕೇಳುವ ಐವರು ಮಕ್ಕಳಿದ್ದು, ತಕ್ಕ ಅಧ್ಯಾಪಕರು ದೊರೆತರೆ ಸ್ಥಳೀಯಾಡಳಿತ ಅದನ್ನು ಒದಗಿಸಬೇಕು. ಅಲ್ಲಿಯ ರಾಷ್ಟ್ರೀಯ ಶಾಲಾ ಮಂಡಳಿ 2008ರಲ್ಲಿ ಹೊರತಂದ ವರದಿಯಂತೆ, ಈ ಪಾಠಕ್ಕೆ ಹೋದ ಮಕ್ಕಳ ಸರಾಸರಿ ಅಂಕ ಹೋಗದವರಿಗಿಂತ ಮೇಲಿತ್ತು. ಗಡಿನಾಡಿನಿಂದ ಹೋದವರ ಎದೆ ಉಬ್ಬುವ ಮಾತು. ನೋಡಿರಿ, ಮಾತೃಭಾಷೆಯ ಮಹಿಮೆ! ಆದರೆ ತರಗತಿಯಲ್ಲಿ ಚರ್ಚೆ ಆರಂಭವಾದದ್ದೇ ಆ ಉಬ್ಬನ್ನು ಇಳಿಸುವುದರಿಂದ. ಸಂಜೆಯ ಹೊತ್ತು ಮಗುವನ್ನು ಇನ್ನೊಂದು ಪಾಠಕ್ಕೆ ಕಳುಹಿಸುವ ತಂದೆತಾಯಿ ಎಂಥವರು? ಅಂಕ ಹೆಚ್ಚಿದ್ದು ಪಾಠದಿಂದಲೋ, ಅಂಥ ಮನೆಯಿಂದಲೋ? ಎರಡನ್ನೂ ಬೇರ್ಪಡಿಸದೆ ಒಂದನ್ನು ಇನ್ನೊಂದರ ಕಾರಣವೆಂದು ಹೇಳಲಾಗದು.

ಈ ಒಂದು ತರ್ಕ ಕೈಗೆ ಬಂದ ಮೇಲೆ ಊರಿನ ಮಾತುಗಳೆಲ್ಲ ಬೇರೆಯಾಗಿ ಕೇಳಿಸತೊಡಗಿದವು. ಇಂಗ್ಲಿಷ್ ಮಾಧ್ಯಮದ ಮಕ್ಕಳು ಮುಂದೆ ಇದ್ದಾರೆಂದು ಮದುವೆ ಮನೆಯ ಪಂಕ್ತಿಯಲ್ಲಿ ಹೇಳುವವರು ಹೋಲಿಸುವುದು ಯಾರನ್ನು ಯಾರೊಡನೆ? ಶುಲ್ಕ ಕಟ್ಟಿ, ಟ್ಯೂಷನ್‌ಗೂ ಕಳುಹಿಸಿ, ಮನೆಯಲ್ಲಿ ಪಕ್ಕದಲ್ಲಿ ಕೂರಿಸಿ ಓದಿಸುವ ಮನೆಯ ಮಗುವನ್ನು, ಬೀಡಿ ಸುತ್ತುವ ತಾಯಿಯ ಮಗುವಿನೊಡನೆ. ಮಾಧ್ಯಮದ ಹೆಸರಿನಲ್ಲಿ ಅಳೆಯುತ್ತಿರುವುದು ಮನೆಯ ಅನುಕೂಲವನ್ನು. ಹಾಗೆಂದು ಕನ್ನಡದ ಪರ ಭಾಷಣ ಮಾಡುವವರೂ ಇದರಿಂದ ಪಾರಾಗುವುದಿಲ್ಲ. ಕನ್ನಡದಲ್ಲಿ ಓದಿ ಡಾಕ್ಟರಾದ ಒಬ್ಬರನ್ನು ವೇದಿಕೆಯ ಮೇಲೆ ತೋರಿಸಿದರೆ ಒಬ್ಬರು ಡಾಕ್ಟರಾದರು ಎಂಬುದಷ್ಟೇ ಸಿದ್ಧವಾಗುತ್ತದೆ. ಶಾಲಾ ವಾರ್ಷಿಕೋತ್ಸವಗಳ ಸಭೆಗಳಲ್ಲಿ ಇಂಥ ಮಾತಿಗೆ ಚಪ್ಪಾಳೆ ಸಿಗಲಾರದು, ನಿಜ.

ಗ್ರಂಥಾಲಯದಲ್ಲಿ ಅವರನ್ನು ಬಹುಕಾಲ ಹಿಡಿದು ಕೂರಿಸಿದ್ದು ಮಾತ್ರ ಪಠ್ಯಕ್ಕೆ ಹೊರಗಿನ ಸಂಗತಿ. ಸ್ವೀಡನ್ನಿನ ಉತ್ತರದ ತುದಿಯಲ್ಲಿ ತೊರ್ನೆ ನದಿಯ ಕಣಿವೆಯಿದೆ. ಫಿನ್ಲೆಂಡ್ 1809ರಲ್ಲಿ ರಷ್ಯದ ಕೈಸೇರಿದಾಗ ಆ ನದಿಯೇ ಗಡಿಯಾಯಿತು. ಒಂದೇ ಮಾತಿನ ಜನ ಎರಡು ದಡಗಳಲ್ಲಿ ಎರಡು ರಾಜ್ಯಗಳ ಪ್ರಜೆಗಳಾದರು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಸ್ವೀಡನ್ನಿನ ದಡದ ಶಾಲೆಗಳಲ್ಲಿ ಸ್ವೀಡಿಷ್ ಭಾಷೆಯದೇ ಆಳ್ವಿಕೆ. ಮನೆಮಾತನ್ನು ಆಡಿದ ಮಕ್ಕಳಿಗೆ ಶಿಕ್ಷೆಯಾದದ್ದುಂಟು. ಆ ಮಾತು ಇಂದು ‘ಮಿಯಾನ್‌ಕಿಯೆಲಿ’ ಎಂಬ ಹೆಸರಿನಲ್ಲಿ, 2000ದಿಂದ ರಾಷ್ಟ್ರೀಯ ಅಲ್ಪಸಂಖ್ಯಾತ ಭಾಷೆಯಾಗಿ ಮಾನ್ಯವಾಗಿದೆ. ಅದನ್ನು ಕಲಿಯಲು ಐವರು ಮಕ್ಕಳಿರಬೇಕೆಂಬ ನಿಯಮವೂ ಇಲ್ಲ. ಹಿಂದಿನ ಅನ್ಯಾಯಗಳನ್ನು ವಿಚಾರಿಸಿದ ಸತ್ಯಶೋಧನಾ ಆಯೋಗ 2023ರಲ್ಲಿ ವರದಿ ಒಪ್ಪಿಸಿತು. ಆದರೆ ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜಿಗೆ ಬರುವ ಮಾತು ಮೊಮ್ಮಗುವಿಗೆ ಬಾರದಾಗಿತ್ತು. 1956ರ ನವೆಂಬರ್ ಒಂದನ್ನೂ ಚಂದ್ರಗಿರಿ ಹೊಳೆಯ ಹೆಸರನ್ನೂ ಕೇಳುತ್ತಲೇ ಬೆಳೆದವರು ಇದನ್ನು ಓದಿ ಸುಮ್ಮನಿರುವುದು ಹೇಗೆ? ಎರಡೂ ಒಂದೇ ಎನ್ನುವ ಆತುರವನ್ನು ಅವರು ತಡೆದುಕೊಂಡರು. ಕೇರಳದಲ್ಲಿ ಕನ್ನಡ ಶಾಲೆಗಳಿವೆ, ಕನ್ನಡದಲ್ಲಿ ಪಠ್ಯಪುಸ್ತಕಗಳಿವೆ, ಎಸ್‌.ಎಸ್‌.ಎಲ್‌.ಸಿ.ಯನ್ನು ಕನ್ನಡದಲ್ಲಿ ಬರೆಯಬಹುದು. ಅಲ್ಲಿ ಶಾಲೆಯೇ ಮಾತನ್ನು ಹೊರಗಟ್ಟಿತು. ಇಲ್ಲಿ ಮನೆಗಳೇ ಶಾಲೆಯನ್ನು ಬಿಟ್ಟು ಹೊರಡುತ್ತಿವೆ.

ಯಾಕೆ ಹೊರಡುತ್ತಿವೆ ಎಂಬುದೇ ಅವರ ಪ್ರಬಂಧದ ವಿಷಯವಾಯಿತು. ಕನ್ನಡ ಶಾಲೆಯಲ್ಲಿ ಉಳಿದ ಕುಟುಂಬಗಳನ್ನೂ ಬಿಟ್ಟ ಕುಟುಂಬಗಳನ್ನೂ ಮಾತನಾಡಿಸಲು ಊರಿಗೆ ಬಂದರು. ಹೆಸರು ಬಹಿರಂಗವಾಗದು, ಬೇಡವೆನಿಸಿದಾಗ ಹಿಂದೆ ಸರಿಯಬಹುದು ಎಂಬ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆದು ಕೊಂಡೊಯ್ದಾಗ ಹಲವರು ಸಾಲದ ಕಾಗದವೆಂದು ಬೆಚ್ಚಿದರು. ಭಾಷಾಭಿಮಾನದ ಏರಿಳಿತಗಳ ಕಥೆ ಸಿಗಬಹುದೆಂದು ಹೋದವರಿಗೆ ತಾಯಿಯೊಬ್ಬರು ಹೇಳಿದ್ದು ಬೇರೆಯೇ: “ಆ ಶಾಲೆಯ ಬಸ್ಸು ಗೇಟಿನ ಹತ್ತಿರ ಬರ್ತದೆ ಟೀಚರೇ. ಸಣ್ಣವಳಿಗೆ ಎಲ್‌.ಕೆ.ಜಿ.ಯೂ ಅಲ್ಲೇ ಉಂಟು. ಎರಡು ಮಕ್ಕಳನ್ನು ಎರಡು ಕಡೆ ಬಿಡಲಿಕ್ಕೆ ನನ್ನಿಂದ ಆಗ್ತದಾ?”

ಬರೆಯುವಾಗ ತೊಡಕುಗಳು ಎದುರಾದವು. “ಮಗುವಿನ ಭವಿಷ್ಯ ಎಣಿಸಿ ಸೇರಿಸಿದೆವು” ಎಂದ ತಂದೆಯ ಮಾತನ್ನು ಇಂಗ್ಲಿಷಿಗೆ ತರಬೇಕು. ಕರಾವಳಿಯ ಕನ್ನಡದಲ್ಲಿ ಎಣಿಸುವುದೆಂದರೆ ಯೋಚಿಸುವುದೂ ಹೌದು, ಲೆಕ್ಕ ಹಾಕುವುದೂ ಹೌದು. ಇಂಗ್ಲಿಷಿನಲ್ಲಿ ಒಂದನ್ನು ಆರಿಸಿದರೆ ಇನ್ನೊಂದು ಹೋಗುತ್ತದೆ. ಮೂಲವನ್ನೂ ಪಕ್ಕದಲ್ಲಿ ಅಚ್ಚುಮಾಡಲು ಮಾರ್ಗದರ್ಶಕರು ಒಪ್ಪಿದರು.

ಸ್ವೀಡನ್ನಿನಲ್ಲಿ ಪ್ರಬಂಧ ಒಪ್ಪಿಸಿದರಷ್ಟೇ ಸಾಲದು. ಸಹಪಾಠಿಯೊಬ್ಬರು ಅದನ್ನು ಆಮೂಲಾಗ್ರ ಓದಿ, ಎಲ್ಲರ ಮುಂದೆ ‘ಎದುರುವಾದಿ’ಯಾಗಿ ಕುಳಿತು ಪ್ರಶ್ನಿಸುತ್ತಾರೆ, ಪ್ರಶ್ನಿಸುವುದೂ ಕಲಿಕೆಯ ಒಂದು ಭಾಗ. ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ಪದ್ಧತಿ ತೀರ ಅಪರಿಚಿತವೆನಿಸಲಿಲ್ಲ. ಎದುರು ಕುಳಿತ ಗೆಳತಿ ಕೇಳಿದ್ದು ಒಂದೇ ಪದದ ಬಗ್ಗೆ: “ಮಾತೃಭಾಷೆಯ ಶಾಲೆ ಎಂದು ಬರೆದಿದ್ದೀರಿ. ಈ ತಾಯಿ ಮಕ್ಕಳೊಡನೆ ಆಡುವ ಮಾತು ಯಾವುದು?”

ತುಳು. ಸಂದರ್ಶನ ಕೊಟ್ಟ ಮನೆಗಳಲ್ಲಿ ತುಳು ಇತ್ತು, ಹವ್ಯಕ ಕನ್ನಡ ಇತ್ತು, ಮರಾಠಿ, ಕೊಂಕಣಿ, ಬ್ಯಾರಿ ಇದ್ದವು. ಪ್ರಬಂಧ ಬರೆದವರ ಮನೆಯ ಮಾತೂ ತುಳುವೇ. ಈ ಎಲ್ಲ ಮಕ್ಕಳೂ ತಲೆಮಾರುಗಳಿಂದ ಓದುಬರಹವನ್ನು ಕನ್ನಡದಲ್ಲಿ ಕಲಿತವರು. ಅವರಲ್ಲಿ ಹಲವರಿಗೆ ಕನ್ನಡ ತಾಯಿ ಕೊಟ್ಟ ಭಾಷೆಯಲ್ಲ, ಊರು ಕೊಟ್ಟ ಭಾಷೆ. ಅಂತಿಮ ಪ್ರತಿಯಲ್ಲಿ ‘ಮನೆಮಾತು’, ‘ಶಾಲೆಯ ಮಾತು’ ಎಂದು ಎರಡು ಪದಗಳಾದವು.

ಪದವಿ ಮುಗಿಸಿ ಬಂದ ಮೇಲೆ ಅವರು ಪ್ರಬಂಧದ ಸಾರವನ್ನು ಕನ್ನಡದಲ್ಲಿ ಬರೆದು, ತಾವು ಮೊದಲು ಪಾಠ ಹೇಳಿದ ಶಾಲೆಯ ಪಿ.ಟಿ.ಎ. ಸಭೆಯಲ್ಲಿ ಓದಿದರು. ಮಾತೃಭಾಷೆಯ ಚರ್ಚೆ ಹತ್ತು ನಿಮಿಷ ನಡೆಯಿತು; ಬಸ್ಸಿನದ್ದು ಒಂದು ಗಂಟೆ. ಊರಿನ ಇಬ್ಬರು ಜೀಪಿನವರೊಡನೆ ಮಾತನಾಡುವುದೆಂದೂ, ಮುಂದಿನ ಜೂನ್ ಒಳಗೆ ಎಲ್‌.ಕೆ.ಜಿ. ಆರಂಭಿಸಲು ಕೊಠಡಿಯೊಂದನ್ನು ಬಿಡಿಸಿಕೊಡುವುದೆಂದೂ ತೀರ್ಮಾನ ಬರೆಯಲಾಯಿತು.