ಹಳೆ ಗೋವಾದ ಆ ಗೋಪುರದ ಹೆಸರೇನು?

ಹಳೆ ಗೋವಾಕ್ಕೆ ಯಾತ್ರೆ ಹೋಗುವ ನಮ್ಮವರು ಬೊಂ ಜೇಸು ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಶರೀರದ ಮುಂದೆ ಪ್ರಾರ್ಥಿಸಿ, ರಸ್ತೆಯಾಚೆಯ ಸೆ ಕಥೆದ್ರಾಲನ್ನು ನೋಡಿ, ಎಳನೀರು ಕುಡಿದು ಬಸ್ಸು ಹತ್ತುವುದೇ ಹೆಚ್ಚು. ಬೆಸಿಲಿಕಾದ ಪಶ್ಚಿಮಕ್ಕಿರುವ ಗುಡ್ಡವನ್ನು ಏರುವವರು ಕಡಿಮೆ. ಪೋರ್ಚುಗೀಸರು ಅದನ್ನು ‘ಮೊಂತೆ ಸಾಂತೊ’, ಅಂದರೆ ಪವಿತ್ರ ಗುಡ್ಡ ಎಂದು ಕರೆಯುತ್ತಿದ್ದರು. ಸಂತ ಮೋನಿಕಾರ ಕನ್ಯಾಮಠ, ಸಂತ ಅಂತೋನಿಯವರ ಪ್ರಾರ್ಥನಾಲಯ, ತುದಿಯಲ್ಲಿ ಜಪಮಾಲೆ ಮಾತೆಯ ದೇವಾಲಯ ಎಲ್ಲವೂ ಅಲ್ಲಿವೆ. ಇವುಗಳ ನಡುವೆ ಸುಮಾರು 46 ಮೀಟರ್ ಎತ್ತರದ, ಅರ್ಧ ಸೀಳಿಹೋದ ಜಂಬಿಟ್ಟಿಗೆಯ ಗೋಪುರವೊಂದು ಒಂಟಿಯಾಗಿ ನಿಂತಿದೆ.

ಇದೇನೆಂದು ಯಾರನ್ನು ಕೇಳಿದರೂ ‘ಸಂತ ಅಗಸ್ಟೀನರ ಗೋಪುರ’ ಎನ್ನುತ್ತಾರೆ. ಆದರೆ ಈ ದೇವಾಲಯದ ನಿಜವಾದ ಹೆಸರು ‘ನೊಸ್ಸ ಸೆನ್ಯೋರಾ ದ ಗ್ರಾಸ’. ನಮ್ಮ ಮಾತಿನಲ್ಲಿ ವರಪ್ರಸಾದ ಮಾತೆಯ ದೇವಾಲಯ. ಇದನ್ನು ಕಟ್ಟಿದವರು 1572ರಲ್ಲಿ ಗೋವಾಕ್ಕೆ ಬಂದ ಅಗಸ್ಟೀನ್ ಸಭೆಯ ಗುರುಗಳು. 1597ರ ಸುಮಾರಿಗೆ ಆರಂಭವಾದ ಕೆಲಸ 1602ರಲ್ಲಿ ಮುಗಿಯಿತು. ಲಿಸ್ಬನ್ನಿನ ಅವರ ಮೂಲಮಠವೂ ವರಪ್ರಸಾದ ಮಾತೆಯದೇ. ಆದ್ದರಿಂದ ಪೋರ್ಚುಗಲ್ಲಿನಲ್ಲಿ ಈ ಗುರುಗಳನ್ನು ‘ಗ್ರಾಸಿಯಾನೊ’ಗಳೆಂದೇ ಕರೆಯುತ್ತಿದ್ದರು. ಅಲ್ಲಿ ಮಾತೆಯ ಹೆಸರು ಗುರುಗಳಿಗೆ ಬಂತು, ಇಲ್ಲಿ ಗುರುಗಳ ಹೆಸರು ಮಾತೆಯ ಮನೆಗೆ ಬಂತು! ನಮ್ಮ ಊರುಗಳಲ್ಲಿಯೂ ‘ಕಪುಚಿನ್ ಚರ್ಚ್’ ಎಂದರೆ ಎಲ್ಲರಿಗೂ ಗೊತ್ತು. ಅದು ಯಾವ ಸಂತರಿಗೆ ಅರ್ಪಿತವಾಗಿದೆ ಎಂದು ಕೇಳಿದರೆ ತಡವರಿಸುತ್ತೇವೆ.

ನಾವು ಒಳಹೊಕ್ಕಾಗ ಕಂಡದ್ದು ಛಾವಣಿಯಿಲ್ಲದ ಗೋಡೆಗಳು, ನೆಲದಲ್ಲಿ ಸಾಲು ಸಾಲಾಗಿ ಸಮಾಧಿ ಕಲ್ಲುಗಳು, ಅಲ್ಲಲ್ಲಿ ಉಳಿದ ಬಣ್ಣದ ಹೆಂಚಿನ ತುಂಡುಗಳು. 1835ರಲ್ಲಿ ಪೋರ್ಚುಗೀಸ್ ಸರಕಾರವೇ ಧಾರ್ಮಿಕ ಸಭೆಗಳನ್ನು ಗೋವಾದಿಂದ ಹೊರಹಾಕಿತು. ಯುದ್ಧವಾಗಲಿ ಭೂಕಂಪವಾಗಲಿ ಈ ದೇವಾಲಯವನ್ನು ಕೆಡವಲಿಲ್ಲ. ನೋಡಿಕೊಳ್ಳುವವರಿಲ್ಲದೆ ಅದು ಕುಸಿಯಿತು. 1842ರಲ್ಲಿ ಕಮಾನು ಛಾವಣಿ ಬಿತ್ತು. 1931ರಲ್ಲಿ ಮುಂಭಾಗವೂ ಅರ್ಧ ಗೋಪುರವೂ ಉರುಳಿದವು. ಗಂಟೆ ಮಾತ್ರ ಬದುಕಿಕೊಂಡಿತು. ಕೆಲವು ಕಾಲ ಅಗ್ವಾದ ಕೋಟೆಯ ದೀಪಸ್ತಂಭದಲ್ಲಿದ್ದು, 1871ರಲ್ಲಿ ಪಣಜಿಯ ಅಮಲೋದ್ಭವ ಮಾತೆಯ ದೇವಾಲಯಕ್ಕೆ ಸೇರಿತು.

ಪಾಳು ಕಟ್ಟಡದ ಹೆಸರಿಗಾಗಿ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ಓದುಗರು ಕೇಳಬಹುದು. ಹಳೆಯ ಹೆಸರುಗಳನ್ನು ಸರಿಯಾಗಿ ಓದಿದ್ದರಿಂದಲೇ ಇಲ್ಲಿ ಒಬ್ಬ ರಾಣಿ ಸಿಕ್ಕಿದಳು.

ಅವಳು ಜಾರ್ಜಿಯಾ ದೇಶದ ಕಾಖೇತಿಯ ರಾಣಿ ಕೆತೆವಾನ್. ಕ್ರಿಸ್ತನನ್ನು ತೊರೆಯಲು ಒಪ್ಪದ ಆಕೆಯನ್ನು ಪರ್ಷಿಯಾದ ಒಂದನೇ ಶಾ ಅಬ್ಬಾಸ್ 1624ರ ಸೆಪ್ಟೆಂಬರಿನಲ್ಲಿ ಶಿರಾಜ್ ನಗರದಲ್ಲಿ ಚಿತ್ರಹಿಂಸೆ ಕೊಟ್ಟು ಕೊಲ್ಲಿಸಿದ. ಆ ನಗರದಲ್ಲಿದ್ದ ಅಗಸ್ಟೀನ್ ಗುರುಗಳು ಆಕೆಯ ಅವಶೇಷಗಳನ್ನು ಗುಟ್ಟಾಗಿ ಸಂಗ್ರಹಿಸಿ, 1627ರಲ್ಲಿ ಒಂದು ಭಾಗವನ್ನು ಗೋವಾದ ತಮ್ಮ ಮಠಕ್ಕೆ ತಂದರು. ಆಕೆ ಕಥೋಲಿಕಳಲ್ಲ, ಆರ್ಥೊಡಾಕ್ಸ್ ಧರ್ಮಸಭೆಯ ರಕ್ತಸಾಕ್ಷಿ. ಆ ಗುರುಗಳು ಅದನ್ನು ಲೆಕ್ಕಿಸಲಿಲ್ಲ ಎಂಬುದು ನಮಗೆ ಬಹಳ ಹಿಡಿಸಿದ ಸಂಗತಿ.

ಪೋರ್ಚುಗೀಸ್ ದಾಖಲೆಗಳು ಅವಶೇಷಗಳಿದ್ದ ಜಾಗವನ್ನೂ ಹೇಳಿದ್ದವು: ಮಠದ ಚಾಪ್ಟರ್ ಪ್ರಾರ್ಥನಾಲಯದಲ್ಲಿ, ‘ಪತ್ರದ ಬದಿ’ಯ ಎರಡನೆಯ ಕಿಟಕಿಯ ಬಳಿ. ಚಾಪ್ಟರ್ ಎಂದರೆ ಮಠವಾಸಿಗಳು ಒಟ್ಟುಸೇರಿ ಸಭೆ ನಡೆಸುವ ಸ್ಥಳ. ‘ಪತ್ರದ ಬದಿ’ ಏನೆಂದು ಇಂದಿನ ಯುವಜನರಿಗೆ ತಿಳಿಯಲಿಕ್ಕಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆಗೆ ಮುಂಚಿನ ಪೂಜೆಯನ್ನು ಕಂಡ ಹಿರಿಯರಿಗೆ ನೆನಪಿರಬಹುದು. ಆಗ ಗುರುಗಳು ಪತ್ರವನ್ನು ಬಲಿಪೀಠದ ಒಂದು ಬದಿಯಲ್ಲಿ ಓದುತ್ತಿದ್ದರು. ಬಳಿಕ ಪೂಜಾಗ್ರಂಥವನ್ನು ಇನ್ನೊಂದು ಬದಿಗೆ ಒಯ್ದು ಅಲ್ಲಿ ಶುಭಸಂದೇಶವನ್ನು ಓದುತ್ತಿದ್ದರು. ಬಲಿಪೀಠದ ಕಡೆಗೆ ಮುಖಮಾಡಿ ನಿಂತರೆ ನಮ್ಮ ಬಲಕ್ಕಿರುವುದು ಪತ್ರದ ಬದಿ, ಎಡಕ್ಕಿರುವುದು ಶುಭಸಂದೇಶದ ಬದಿ. ಹೇಳುವುದು ಸುಲಭ. ಆದರೆ ಬಲಿಪೀಠವೇ ಇಲ್ಲದ, ಗೋಡೆಗಳು ಮಣ್ಣಿನಡಿ ಹೂತ ಪಾಳಿನಲ್ಲಿ ಬಲ ಯಾವುದು, ಎಡ ಯಾವುದು? ನೂರಾರು ಚದರ ಮೀಟರ್ ಅವಶೇಷಗಳಲ್ಲಿ ಯಾವ ಕೋಣೆ ಚಾಪ್ಟರ್?

1980ರ ದಶಕದ ಕೊನೆಯಿಂದ ಜಾರ್ಜಿಯಾದ ತಂಡಗಳೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯೂ ಇದನ್ನೇ ಹುಡುಕುತ್ತಿದ್ದವು. ಕೊನೆಗೆ 2004ರ ಹೊತ್ತಿಗೆ ಇಲಾಖೆ ಆ ಪ್ರಾರ್ಥನಾಲಯವನ್ನು ಗುರುತಿಸಿತು. ತೋಳಿನ ಎಲುಬಿನ ತುಂಡೊಂದು ದೊರೆಯಿತು. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ವಿಜ್ಞಾನಿಗಳು ಅದರ ಡಿ.ಎನ್.ಎ. ಪರೀಕ್ಷಿಸಿದರು. ತಾಯಿಯ ಕಡೆಯಿಂದ ಬರುವ ಅದರ ವಂಶಗುರುತು ಭಾರತದಲ್ಲಿ ಕಾಣಸಿಗದು, ಜಾರ್ಜಿಯಾ ಮತ್ತು ಅದರ ಸುತ್ತಮುತ್ತ ಕಾಣಸಿಗುತ್ತದೆ ಎಂದು 2013ರ ಕೊನೆಗೆ ಪ್ರಕಟಿಸಿದರು. ಅವರು ‘ರಾಣಿಯದೇ’ ಎನ್ನದೆ ‘ರಾಣಿಯದಾಗಿರುವ ಸಂಭವವಿದೆ’ ಎಂದರು. ವಿಜ್ಞಾನದ ಈ ಸಂಯಮ ಮೆಚ್ಚತಕ್ಕದ್ದು. ದಾಖಲೆಯ ಮಾತು, ಅಗೆತದ ಜಾಗ, ಪರೀಕ್ಷೆಯ ಫಲ ಮೂರೂ ಒಂದೇ ಕಡೆ ಬೆರಳು ತೋರಿಸಿದ್ದರಿಂದ ನಾವು ನಂಬಿದ್ದೇವೆ.

2017ರಲ್ಲಿ ಅವಶೇಷಗಳು ಭಕ್ತರ ದರ್ಶನಕ್ಕಾಗಿ ಜಾರ್ಜಿಯಾಕ್ಕೆ ಹೋಗಿ ಮರಳಿದವು. 2021ರ ಜುಲೈಯಲ್ಲಿ ವಿದೇಶಾಂಗ ಸಚಿವ ಎಸ್. ಜೈಶಂಕರ್ ಅವರು ಒಂದು ಭಾಗವನ್ನು ಟಿಬಿಲಿಸಿ ನಗರದಲ್ಲಿ ಆ ದೇಶಕ್ಕೆ ಕಾಣಿಕೆಯಾಗಿ ಒಪ್ಪಿಸಿದರು.

ಮುಂದಿನ ಸಲ ನಿಮ್ಮ ಧರ್ಮಕೇಂದ್ರದ ಬಸ್ಸು ಹಳೆ ಗೋವಾಕ್ಕೆ ಹೋದಾಗ ಗುಡ್ಡಕ್ಕೆ ಒಂದು ಗಂಟೆ ಮೀಸಲಿಡಿ. ಬಿಸಿಲೇರುವ ಮೊದಲೇ ಹೋಗುವುದು ಒಳ್ಳೆಯದು, ಅಲ್ಲಿ ನೆರಳು ಕಡಿಮೆ. ಸಮಾಧಿ ಕಲ್ಲುಗಳನ್ನು ತುಳಿಯದೆ ನಡೆದು, ಬಲಿಪೀಠವಿದ್ದ ಕಡೆಗೆ ಮುಖಮಾಡಿ ನಿಂತು, ವರಪ್ರಸಾದ ಮಾತೆಗೆ ಒಂದು ‘ನಮೋ ಮರಿಯಾ’ ಹೇಳಿ ಬನ್ನಿ.