ರಾತ್ರಿ 2ಕ್ಕೆ ಪಾಸ್‌ವರ್ಡ್ ಒತ್ತೋರು ಯಾರು?

ಊರೂರು ಸುತ್ತಿ ಬರೆದುಕೊಂಡ ಬೋರ್‌ವೆಲ್ ಲೆಕ್ಕವನ್ನೆಲ್ಲ ನಾವು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಇಟ್ಟಿದ್ದೇವೆ. ದಿನಾ ರಾತ್ರಿ 2ಕ್ಕೆ ತಾನಾಗಿಯೇ ಬ್ಯಾಕಪ್ ಆಗಲಿ ಅಂತ ಸ್ಕ್ರಿಪ್ಟ್ ಹಾಕಿ ನಿಶ್ಚಿಂತೆಯಾಗಿದ್ದೆವು. ಒಂದು ದಿನ ನಮ್ಮ ಕೈತಪ್ಪಿನಿಂದಲೇ ಎರಡು ಹೋಬಳಿಯ ಪಟ್ಟಿ ಅಳಿಸಿಹೋಯಿತು. ಬ್ಯಾಕಪ್ ತೆರೆದರೆ ಎಲ್ಲ ಫೈಲೂ ಖಾಲಿ! ಸರ್ವರ್ ಪಾಸ್‌ವರ್ಡ್ ಕೇಳಿದೆ, ಆ ಹೊತ್ತಲ್ಲಿ ಕೊಡುವವರಿಲ್ಲ, ಕೆಲಸ ಅಲ್ಲಿಗೇ ನಿಂತಿದೆ.

ಪಾಸ್‌ವರ್ಡನ್ನು ಸ್ಕ್ರಿಪ್ಟ್‌ನಲ್ಲೇ ಬರೆದುಬಿಡೋಣ ಅಂದ ನಮ್ಮಲ್ಲೊಬ್ಬ. ಆ ಸ್ಕ್ರಿಪ್ಟ್ ನಮ್ಮ ವಾಟ್ಸಾಪ್ ಗುಂಪಿನಲ್ಲೆಲ್ಲ ಓಡಾಡುತ್ತದೆ, ಬೇಡ ಅಂದೆವು. ಲಿನಕ್ಸ್‌ನಲ್ಲಿ ಇದಕ್ಕೆಂದೇ ಒಂದು ಫೈಲಿದೆ: ಹೋಮ್ ಫೋಲ್ಡರಿನಲ್ಲಿ, ಮುಂದೆ ಚುಕ್ಕಿ ಇಟ್ಟು ‘.ಪಿಜಿಪಾಸ್’. ಅದರಲ್ಲಿ ಒಂದೇ ಸಾಲು. ಸರ್ವರ್ ಹೆಸರು, ಪೋರ್ಟ್ (ಸಾಮಾನ್ಯವಾಗಿ 5432), ಡೇಟಾಬೇಸ್, ಯೂಸರ್, ಪಾಸ್‌ವರ್ಡ್, ನಡುನಡುವೆ ಕೋಲನ್.

ಬರೆದೆವು. ಆದರೂ ಕೇಳಿತು! ಆ ಫೈಲನ್ನು ಬೇರೆ ಯೂಸರ್‌ಗಳೂ ಓದುವಂತಿದ್ದರೆ ಪೋಸ್ಟ್‌ಗ್ರೆಸ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವಂತೆ. ಪಾಸ್‌ವರ್ಡ್ ಅದರಲ್ಲಿ ಬಿಡಿಬಿಡಿಯಾಗಿ ಕಾಣುತ್ತದಲ್ಲ, ಹಾಗಾಗಿ ಸರಿಯೇ. ‘ಚ್‌ಮಾಡ್ 600’ ಕೊಟ್ಟು ನಮಗೊಬ್ಬರಿಗೇ ಮಾಡಿಕೊಂಡೆವು, ಕೇಳದೆ ಒಳಗೆ ಬಿಟ್ಟಿತು.

ಈಗ ಬೆಳಿಗ್ಗೆ ಎದ್ದ ತಕ್ಷಣ ಬ್ಯಾಕಪ್ ಎಷ್ಟು ಎಂಬಿ ಇದೆ ಅಂತ ನೋಡುತ್ತೇವೆ. ಆ ಎರಡು ಹೋಬಳಿಗೆ ಮತ್ತೆ ಬೈಕ್ ಹತ್ತಿದ್ದೇವೆ, “ಮೊನ್ನೆ ತಾನೇ ಬರ್ಕೊಂಡು ಹೋದ್ರಲ್ಲ?” ಅಂತ ಅನ್ನಿಸಿಕೊಳ್ಳುತ್ತಾ.