ಬೇತಮಂಗಲದ ಕೆರೆಯ ಏರಿಯ ಮೇಲೆ

ಬೆಂಗಳೂರಿನಿಂದ ಬೆಳಿಗ್ಗೆ ಹೊರಟ ರೈಲು ಬಂಗಾರಪೇಟೆಯನ್ನು ಸೇರುವ ವೇಳೆಗೆ ಬಿಸಿಲು ಚೆನ್ನಾಗಿ ಏರಿತ್ತು. ಬೇತಮಂಗಲದಲ್ಲಿ ನನ್ನ ತಂಗಿಯ ಮಗಳ ಮದುವೆ. ಮುಹೂರ್ತಕ್ಕೆ ಇನ್ನೂ ಮೂರು ದಿನವಿದ್ದರೂ, “ಅಕ್ಕಾ, ನೀನು ಮೊದಲೇ ಬಂದುಬಿಡು, ಹುಡುಗಿಯ ಅಲಂಕಾರದ ಹೊಣೆಯೆಲ್ಲ ನಿನ್ನದೇ” ಎಂದು ತಂಗಿ ಫೋನಿನಲ್ಲಿ ಅಪ್ಪಣೆ ಹೊರಡಿಸಿದ್ದಳು. ಆ ಹೊಣೆಯ ಗುರುತಾಗಿ ನನ್ನ ಕೈಚೀಲದಲ್ಲಿ ಎರಡು ವಸ್ತುಗಳಿದ್ದುವು: ಹನ್ನೆರಡು ಕುಂಚಗಳ ಒಂದು ಅಂದವಾದ ಪೆಟ್ಟಿಗೆ, ಮುಖಕ್ಕೆ ಮೊದಲು ಹಚ್ಚುವ, ಫೌಂಡೇಶನ್ ಎಂದು ಎಲ್ಲರೂ ಕರೆಯುವ ಅಡಿಲೇಪದ ಒಂದು ಸೀಸೆ. ಅವುಗಳಿಗೆ ತೆತ್ತ ಬೆಲೆಯನ್ನು ನಮ್ಮ ಯಜಮಾನರಿಗೆ ಇಂದಿಗೂ ತಿಳಿಸಿಲ್ಲ. ಅವರು ಈ ಪುಟವನ್ನು ಓದುವುದಿಲ್ಲವೆಂಬ ಧೈರ್ಯ ನನಗಿದೆ.

ಬಂಗಾರಪೇಟೆಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗ್ ಸಾಹೇಬರ ನೆನಪಿಗಾಗಿ ಇಟ್ಟ ಹೆಸರು ಅದು. ರೈಲು ಬಂದುದರಿಂದ ಬೆಳೆದ ಊರು. ಈಗ ಈ ಊರಿನ ಕೀರ್ತಿಯನ್ನು ನಾಡಿನಲ್ಲೆಲ್ಲ ಹರಡಿರುವುದು ಪಾನಿಪುರಿ. ಇಲ್ಲಿಯ ಪಾನಿಗೆ ಹಸುರು ಬಣ್ಣವಿಲ್ಲ. ಬಾವಿಯ ನೀರಿನಂತೆ ತಿಳಿಯಾಗಿರುತ್ತದೆ. ಬಾಯಿಗೆ ಹಾಕಿಕೊಂಡ ಮೇಲೆ ಮಾತ್ರ ಕಣ್ಣಲ್ಲಿ ನೀರು ತರಿಸುತ್ತದೆ. ಬಣ್ಣವನ್ನು ನೋಡಿ ಗುಣವನ್ನು ಅಳೆಯಬಾರದೆಂಬ ಪಾಠ ಅಲ್ಲಿಯೇ ನನಗೆ ಸಿಕ್ಕಿತ್ತು. ಆದರೆ ಪಾನಿಪುರಿ ತಿನ್ನುವಾಗ ಪಾಠ ಕಲಿಯುವವರಾರು?

ಅಲ್ಲಿಂದ ಮಾರಿಕುಪ್ಪಂ ಕಡೆಯ ರೈಲನ್ನು ಹತ್ತಿದೆ. ಕೋಲಾರ ಚಿನ್ನದ ಗಣಿಗಳ ಪ್ರದೇಶ ಸಮೀಪಿಸುತ್ತಲೇ, ಮರಗಳ ಮೇಲಿನಿಂದ ಮಾಸಲು ಬಣ್ಣದ ಚಪ್ಪಟೆ ಗುಡ್ಡಗಳು ತಲೆ ಎತ್ತಿ ನಿಂತುವು. ಇವು ದೇವರು ಸೃಷ್ಟಿಸಿದ ಗುಡ್ಡಗಳಲ್ಲ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಇಲ್ಲಿ ಕೆಲಸವನ್ನಾರಂಭಿಸಿದಂದಿನಿಂದ, 2001ರ ಫೆಬ್ರುವರಿಯಲ್ಲಿ ಗಣಿಗಳು ಮುಚ್ಚುವವರೆಗೆ, ಪಾತಾಳದಿಂದ ಮೇಲೆತ್ತಿದ ಕಲ್ಲನ್ನು ಹಿಟ್ಟಿನಂತೆ ಅರೆದು, ಸಯನೈಡಿನ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿ, ಉಳಿದ ಪುಡಿಯನ್ನು ರಾಶಿ ಹಾಕಿದ್ದರ ಫಲ. ಗಾಳಿ ಬೀಸುವ ದಿನಗಳಲ್ಲಿ ಆ ಪುಡಿ ಎದ್ದು ಮನೆ, ಮರ, ಮನುಷ್ಯರ ಮೇಲೆಲ್ಲ ತೆಳ್ಳಗೆ ಕೂಡುತ್ತದೆ. ಪೌಡರು ಬಳಿದುಕೊಂಡ ಊರು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ರಾಬರ್ಟ್‌ಸನ್‌ಪೇಟೆಯಿಂದ ಬಸ್ಸು. ಬೇತಮಂಗಲ ಬರುತ್ತಿದ್ದಂತೆ ನೋಟವೇ ಬೇರೆಯಾಗುತ್ತದೆ: ಒಂದು ಕಡೆ ತೆಂಗು, ತೋಟ, ಇನ್ನೊಂದು ಕಡೆ ಪಾಲಾರ್ ನದಿಗೆ ಅಡ್ಡವಾಗಿ ಕಟ್ಟಿದ ಹಳೆಯ ಕೆರೆ. ನಂದಿಯ ಕಡೆಯ ಬೆಟ್ಟಗಳಲ್ಲಿ ಹುಟ್ಟಿ ಆಂಧ್ರವನ್ನೂ ತಮಿಳುನಾಡನ್ನೂ ಹಾದು ಸಮುದ್ರವನ್ನು ಸೇರುವ ನದಿ ಇದು. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ಒಡೆದಿದ್ದ ಈ ಕೆರೆಯನ್ನು 10ನೆಯ ಶತಮಾನದಲ್ಲಿ ಇರಿವ ನೊಳಂಬನೂ, 12ನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕನೊಬ್ಬನೂ ಸರಿಪಡಿಸಿದರೆಂದು ಶಾಸನಗಳು ಸಾರುತ್ತವೆ. ತಾಲ್ಲೂಕಿನ ಕೇಂದ್ರವೆಂಬ ಗೌರವವನ್ನು ರೈಲು ಬಂಗಾರಪೇಟೆಗೆ ಕೊಂಡೊಯ್ದಿತು. ಕೆರೆಯ ನೀರನ್ನು ಚಿನ್ನದ ಗಣಿಗಳು ಕೊಂಡೊಯ್ದುವು. ಆದರೂ ಊರು ಯಾರ ಮೇಲೂ ಮುನಿಸಿಕೊಂಡಂತೆ ಕಾಣುವುದಿಲ್ಲ.

ಮನೆಯಲ್ಲಿ ಚಪ್ಪರ ಏಳುತ್ತಿತ್ತು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಉಸಿರಿನಲ್ಲಿ ಕೇಳಿಬರುತ್ತಿದ್ದುವು. ಕಾಫಿ ಕೊಟ್ಟ ಕೂಡಲೇ ತಂಗಿ ನನ್ನನ್ನು ಕೋಣೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು. “ಅಕ್ಕಾ, ಹುಡುಗನ ಕಡೆಯವರೆಲ್ಲ ಬೆಳ್ಳಗಿದ್ದಾರೆ. ನಮ್ಮವಳು ದಿನವೂ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬಂದು ಇನ್ನಷ್ಟು ಕಪ್ಪಾಗಿದ್ದಾಳೆ. ಆ ಒಂದು ದಿನವಾದರೂ ಯಾರೂ ಬಾಯಿ ಬಿಡದ ಹಾಗೆ ಮಾಡಿಬಿಡು” ಎಂದಳು. ಆಕೆಯ ಕಣ್ಣಿನಲ್ಲಿದ್ದ ಹೆದರಿಕೆಯನ್ನು ಕಂಡು, “ಅದಕ್ಕೇ ತಂದಿದ್ದೇನೆ, ಎರಡು ಮೆಟ್ಟಿಲು ಬಿಳುಪಿನದು” ಎಂದು ಸೀಸೆಯನ್ನು ತೋರಿಸಿದೆ.

ಸಂಜೆಗೆ ಬ್ಯೂಟಿ ಪಾರ್ಲರಿನ ಹುಡುಗಿ ಬಂದಳು. ಊರಿನವಳೇ, ವಯಸ್ಸು ಇಪ್ಪತ್ತೈದು ದಾಟಿರಲಾರದು. ನನ್ನ ಪೆಟ್ಟಿಗೆಯನ್ನು ತೆರೆದು ಒಂದೊಂದು ಕುಂಚವನ್ನೂ ಕೆನ್ನೆಗೆ ಸವರಿಕೊಂಡು ನೋಡಿ, ಹನ್ನೆರಡರಲ್ಲಿ ಒಂದನ್ನು ಮಾತ್ರ ಎತ್ತಿ ಪಕ್ಕಕ್ಕಿಟ್ಟಳು. ನನಗೆ ಮುಖಭಂಗವಾಯಿತು. “ಉಳಿದವು ಕೆಟ್ಟವಲ್ಲ ಅಕ್ಕಾ, ಈ ಕೆಲಸದವಲ್ಲ” ಎಂದು ವಿನಯದಿಂದಲೇ ವಿವರಿಸಿದಳು.

ಆಕೆ ಹೇಳಿದ್ದನ್ನು ಸಹೋದರಿಯರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇನೆ. ಪ್ರಾಣಿಯ ಕೂದಲಿನ ಕುಂಚ ಒಣ ಪುಡಿಗೆ ಒಳ್ಳೆಯದು; ನೀರಾಗಿರುವ ಲೇಪವನ್ನು ಅದು ತಾನೇ ಹೀರಿಕೊಂಡುಬಿಡುತ್ತದೆ. ದ್ರವಕ್ಕೂ ಕ್ರೀಮಿಗೂ ಕೃತಕ ಎಳೆಯ ಕುಂಚವೇ ಬೇಕು. ಅದರಲ್ಲೂ ಚಪ್ಪಟೆಯಾದುದು ಗೋಡೆಗೆ ಸುಣ್ಣ ಬಳಿದಂತೆ ಗೆರೆಗಳನ್ನು ಉಳಿಸುವ ಸಂಭವವಿದೆ. ಒತ್ತಾಗಿ ಎಳೆಗಳನ್ನು ಕೂಡಿಸಿದ ದುಂಡು ತಲೆಯ ಕುಂಚವನ್ನು ಸಣ್ಣ ಸುತ್ತುಗಳಲ್ಲಿ ಆಡಿಸಿದರೆ ಲೇಪ ಸಮನಾಗಿ ಕೂಡುತ್ತದೆ. ಚೆನ್ನಾಗಿ ಮುಚ್ಚಬೇಕಾದ ಕಲೆಗಳಿದ್ದಲ್ಲಿ ಕುಂಚ. ಚರ್ಮ ಚರ್ಮದಂತೆಯೇ ಕಾಣಬೇಕಾದಲ್ಲಿ ಸ್ಪಂಜು.

ಸ್ಪಂಜನ್ನು ಮೊದಲು ನೀರಿನಲ್ಲಿ ನೆನೆಸಿ, ಉಬ್ಬಿದ ಮೇಲೆ ಬಟ್ಟೆಯಲ್ಲಿ ಅದುಮಿ ಹಿಂಡಬೇಕು. ಒಳಗೆ ಆಗಲೇ ನೀರು ತುಂಬಿರುವುದರಿಂದ ಅದು ಲೇಪವನ್ನು ಹೆಚ್ಚು ಕುಡಿಯುವುದಿಲ್ಲ. ಉಜ್ಜಬಾರದು, ತಟ್ಟಬೇಕು. ಮೊಟ್ಟೆಯಾಕಾರದ ಸ್ಪಂಜುಗಳು ಈಗ ಎಲ್ಲೆಲ್ಲಿಯೂ ಸಿಗುತ್ತವೆ. ಅಮೆರಿಕದ ರೀ ಆ್ಯನ್ ಸಿಲ್ವಾ ಎಂಬ ಪ್ರಸಾಧಕಿ 2003ರ ಸುಮಾರಿಗೆ ಇದನ್ನು ಬಳಕೆಗೆ ತಂದಳು. ಮೂಲೆಗಳಿಲ್ಲದ ಕಾರಣ ಮುಖದ ಮೇಲೆ ಅಂಚಿನ ಗೆರೆ ಮೂಡುವುದಿಲ್ಲ. ಇನ್ನು, ಹಣ ಕೊಡದೆ ದೊರೆಯುವ ಮೂರನೆಯ ಸಾಧನವೊಂದಿದೆ: ನಮ್ಮ ಬೆರಳು. ಬೆರಳಿನ ಬಿಸಿಗೆ ಗಟ್ಟಿ ಕ್ರೀಮು ಕರಗಿ ಚರ್ಮದೊಡನೆ ಬೆರೆಯುತ್ತದೆ. ತೆಳುವಾದ ದಿನನಿತ್ಯದ ಲೇಪಕ್ಕೆ ಬೇರೇನೂ ಬೇಡ. ಕೈಯನ್ನು ಸೋಪಿನಿಂದ ತೊಳೆದಿರಬೇಕು, ಅಷ್ಟೆ. ಕುಂಚಗಳನ್ನು ವಾರಕ್ಕೊಮ್ಮೆಯಾದರೂ, ಸ್ಪಂಜನ್ನು ಪ್ರತಿಸಲವೂ ತೊಳೆದು ಗಾಳಿಯಲ್ಲಿ ಒಣಗಿಸಬೇಕು. ಒದ್ದೆಯ ಸ್ಪಂಜನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಒಬ್ಬರ ಸಾಧನವನ್ನು ಇನ್ನೊಬ್ಬರ ಮುಖಕ್ಕೆ ಬಳಸಲೇಕೂಡದು.

ಜಗಲಿಯಲ್ಲಿ ಕುಳಿತಿದ್ದ ಪಕ್ಕದ ಮನೆಯ ತಾತ ಇದನ್ನೆಲ್ಲ ಕೇಳಿ ನಗುತ್ತಿದ್ದರು. ಸುತ್ತಮುತ್ತಲ ಹಳ್ಳಿಗಳ ಪೌರಾಣಿಕ ನಾಟಕಗಳಿಗೂ ಕೇಳಿಕೆಗಳಿಗೂ ನಲವತ್ತು ವರ್ಷ ಬಣ್ಣ ಬರೆದವರು. “ನಮ್ಮ ಕಾಲದಲ್ಲಿ ಈ ಮೊಟ್ಟೆಗಿಟ್ಟೆ ಎಲ್ಲಿತ್ತಮ್ಮ? ಅಂಗೈಯಲ್ಲಿ ಕೊಬ್ಬರಿಯೆಣ್ಣೆ ಹಾಕಿ ಸಫೇದು ಕಲೆಸೋದು, ಬೆರಳಲ್ಲಿ ಬಳಿಯೋದು. ಹಿರಿಯರು ಅರದಾಳ ಹಚ್ಚುತ್ತಿದ್ದರಂತೆ” ಎಂದರು. ಅರದಾಳವೆಂದರೆ ಪಾಷಾಣ ಬೆರೆತ ಹಳದಿ ಖನಿಜ. ಯುರೋಪಿನ ಶ್ರೀಮಂತ ಸ್ತ್ರೀಯರೂ ಶತಮಾನಗಳ ಕಾಲ ಸೀಸದಿಂದ ಮಾಡಿದ ಬಿಳಿಯನ್ನು ಬಳಿದುಕೊಂಡು ಆರೋಗ್ಯ ಕೆಡಿಸಿಕೊಂಡರು. ಮುಖವನ್ನು ಬೆಳ್ಳಗೆ ಮಾಡುವ ಹಂಬಲಕ್ಕೆ ಮನುಷ್ಯ ತೆತ್ತ ಬೆಲೆ ಸಾಮಾನ್ಯವೇ?

“ಅಷ್ಟು ದಪ್ಪ ಬಣ್ಣವೇಕೆ ತಾತ?” ಎಂದು ಕೇಳಿದೆ. “ಬೆಳಕಿರಲಿಲ್ಲವಲ್ಲಮ್ಮ! ಪೆಟ್ರೋಮ್ಯಾಕ್ಸ್ ದೀಪ. ಕೊನೆಯ ಸಾಲಿನವನಿಗೂ ಅರ್ಜುನನ ಮುಖ ಕಾಣಬೇಕು. ಬೆಳಕು ಬಂದಂತೆ ಬಣ್ಣ ಇಳಿಸಬೇಕು. ಇದು ನಮ್ಮ ಮೇಷ್ಟರ ಮಾತು.” ಎಂಥ ಮಾತು! ಶಿವನಸಮುದ್ರದಿಂದ 1902ರಲ್ಲಿಯೇ ವಿದ್ಯುತ್ತು ಹರಿದುಬಂದುದು ಇಲ್ಲಿಯ ಚಿನ್ನದ ಗಣಿಗಳಿಗೆ. ಆದರೆ ಹಳ್ಳಿಯ ರಂಗಸ್ಥಳಕ್ಕೆ ಅದು ಬಂದುದು ಎಷ್ಟೋ ಕಾಲದ ಮೇಲೆ. ಸಿನಿಮಾ ಪ್ರಪಂಚದಲ್ಲಿಯೂ ನಡೆದುದು ಇದೇ. ಬಣ್ಣದ ಚಿತ್ರಗಳು ಬಂದಾಗ ಹಳೆಯ ಎಣ್ಣೆಬಣ್ಣ ಹೊಳೆದು ಹೊಳೆದು ಕೆಡಿಸತೊಡಗಿತು. ಆಗ ಹಾಲಿವುಡ್‌ನ ಮ್ಯಾಕ್ಸ್ ಫ್ಯಾಕ್ಟರ್ 1937ರಲ್ಲಿ, ಒದ್ದೆಯ ಸ್ಪಂಜಿನಿಂದ ತೆಳ್ಳಗೆ ಹಚ್ಚುವ ‘ಪ್ಯಾನ್‌ಕೇಕ್’ ಬಿಲ್ಲೆಯನ್ನು ತೆರೆಗೆ ತಂದ. ಮರುವರ್ಷವೇ ಅದು ಅಂಗಡಿಗಳಿಗೂ ಬಂತು.

ತಾತನ ಮಾತನ್ನು ಕೇಳಿದ ಪಾರ್ಲರಿನ ಹುಡುಗಿ, “ಹಾಗಾದರೆ ನಾಳೆ ಬೆಳಿಗ್ಗೆ ಕೆರೆಯ ಏರಿಯ ಮೇಲೆ ನೋಡಿಬಿಡೋಣ ಅಕ್ಕಾ. ಟ್ಯೂಬ್‌ಲೈಟಿನ ಕೆಳಗೆ ಬಣ್ಣ ಆರಿಸಿದರೆ ಮೋಸಹೋಗ್ತೀವಿ” ಎಂದಳು.

ಮರುದಿನ ಬೆಳಿಗ್ಗೆ ವಿಜಯೇಂದ್ರಸ್ವಾಮಿಯ ದರ್ಶನ ಮಾಡಿಕೊಂಡು ನಾವು ನಾಲ್ವರೂ ಏರಿಯನ್ನು ಹತ್ತಿದೆವು. ನೀರಿನ ಮೇಲಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು. ದಡದಲ್ಲಿ ಬೆಳ್ಳಕ್ಕಿಗಳು ಒಂಟಿಗಾಲಿನಲ್ಲಿ ನಿಂತಿದ್ದುವು. ಹುಡುಗಿ ಕಲ್ಲಿನ ಮೇಲೆ ಮದುಮಗಳನ್ನು ಕೂರಿಸಿ, ಎಡಗೆನ್ನೆಗೆ ನಾನು ತಂದ ಲೇಪವನ್ನು ಕುಂಚದಿಂದಲೂ, ಬಲಗೆನ್ನೆಗೆ ದವಡೆಯ ಅಂಚಿನಲ್ಲಿ ಹೋಲಿಸಿ ಆರಿಸಿದ ಲೇಪವನ್ನು ಸ್ಪಂಜಿನಿಂದಲೂ ಹಚ್ಚಿದಳು. ಕೈಯ ಹಿಂಭಾಗದಲ್ಲಿ ಬಣ್ಣ ನೋಡುವುದು ತಪ್ಪು. ಮುಖ ಕತ್ತಿನೊಡನೆ ಸೇರುವ ಕಡೆಯಲ್ಲಿ ಅದು ಕಣ್ಮರೆಯಾಗಬೇಕು. ಬಲಗಡೆಯಲ್ಲಿ ಅದು ಕಣ್ಮರೆಯಾಗಿತ್ತು. ಎಡಗಡೆಯಲ್ಲಿ, ಬಿಸಿಲು ಬೀಳುತ್ತಲೇ, ಬೂದಿ ಬಳಿದಂತೆ ಕಂಡಿತು. ಹಿಂದಿನ ದಿನ ರೈಲಿನಿಂದ ಕಂಡ ಆ ಪುಡಿಯ ಗುಡ್ಡಗಳು ನನ್ನ ಕಣ್ಣ ಮುಂದೆ ಬಂದುವು.

ಮದುಮಗಳು ಫೋನಿನ ಕನ್ನಡಿಯಲ್ಲಿ ತನ್ನನ್ನು ಬಹಳ ಹೊತ್ತು ನೋಡಿಕೊಂಡಳು. “ದೊಡ್ಡಮ್ಮಾ, ಈ ಎಡಗಡೆ ಇರುವವಳು ಯಾರು?” ಎಂದಳು. ನಾನು ನಗಲು ಹೋದೆ; ಆಕೆ ನಗುತ್ತಿರಲಿಲ್ಲ. “ಅವರು ನನ್ನನ್ನು ಎರಡು ವರ್ಷದಿಂದ ದಿನವೂ ರೈಲಿನಲ್ಲಿ ನೋಡಿದ್ದಾರೆ. ಬೆವರಿನಲ್ಲಿ, ನೂಕುನುಗ್ಗಲಿನಲ್ಲಿ ನೋಡಿಯೇ ಒಪ್ಪಿದ್ದು. ಅವರ ಪಕ್ಕದಲ್ಲಿ ಬೇರೆ ಯಾರನ್ನೋ ಏಕೆ ಕೂರಿಸುತ್ತೀರಿ?” ತಂಗಿ, “ನೆಂಟರಿಷ್ಟರು ನೋಡುವುದು ಫೋಟೋವನ್ನೇ ಅಲ್ಲವೇನೇ” ಎಂದಳು. ಆಗ ಹುಡುಗಿ ತಾಯಿಯ ಕೈ ಹಿಡಿದು ಮೆಲ್ಲಗೆ ಕೇಳಿದಳು: “ಅಮ್ಮಾ, ನಿನ್ನ ಮದುವೆಯ ಆಲ್ಬಂ ನೀನು ಯಾರಿಗೂ ತೋರಿಸುವುದಿಲ್ಲವಲ್ಲ, ಏಕೆ?”

ತಂಗಿ ಉತ್ತರ ಕೊಡಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಮೂವತ್ತು ವರ್ಷಗಳ ಹಿಂದೆ ಆಕೆಯ ಮುಖಕ್ಕೆ ಸ್ನೋ ಬಳಿದು, ಅದರ ಮೇಲೆ ಪಫಿನಿಂದ ಡಬ್ಬಿಯ ಪೌಡರನ್ನೆಲ್ಲ ಒತ್ತಿದವಳು ನಾನೇ. ಆ ಚಿತ್ರಗಳಲ್ಲಿ ಮುಖ ಬಿಳಿ, ಕತ್ತು ಕಪ್ಪು. ಅಕ್ಕ ಪ್ರೀತಿಯಿಂದ ಮಾಡಿದ್ದೆಂದು ಆಕೆ ಇಷ್ಟು ವರ್ಷ ಒಂದು ಮಾತೂ ಆಡಿರಲಿಲ್ಲ. ಆಲ್ಬಮನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟುಬಿಟ್ಟಿದ್ದಳು. ನಾನು ಕೆರೆಯ ಕಡೆಗೆ ತಿರುಗಿ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ತಂಗಿ ತನ್ನ ಸೆರಗನ್ನು ನೀರಿನಲ್ಲಿ ಅದ್ದಿ ತಂದು, ಮಗಳ ಎಡಗೆನ್ನೆಯನ್ನು ತಾನೇ ಒರಸಿದಳು. “ಬಲಗಡೆಯ ಹಾಗೆಯೇ ಮಾಡಮ್ಮ” ಎಂದು ಪಾರ್ಲರಿನ ಹುಡುಗಿಗೆ ಹೇಳಿದಳು.

ಮುಹೂರ್ತದ ದಿನ ನಸುಕಿನಲ್ಲಿಯೇ ಅಲಂಕಾರ ನಡೆಯಿತು. ಮೊದಲು ಬೆರಳಿನಿಂದ ತೇವದ ಕ್ರೀಮು. ಅದು ಹಿಡಿದ ಮೇಲೆ ಸ್ಪಂಜಿನಿಂದ ತೆಳ್ಳನೆಯ ಲೇಪ. ಹಣೆಯ ಮೇಲಿನ ಒಂದೆರಡು ಕಲೆಗಳಿಗೆ ಮಾತ್ರ ನನ್ನ ಪೆಟ್ಟಿಗೆಯ ಆ ಒಂದು ಕುಂಚ. ಕಿವಿ, ಕತ್ತುಗಳಿಗೂ ಅದೇ ಬಣ್ಣದ ಸ್ಪರ್ಶ. ಹೋಮದ ಹೊಗೆ, ಧಾರೆಯ ನೀರು, ಮಗಳನ್ನು ಒಪ್ಪಿಸುವಾಗಿನ ಕಣ್ಣೀರು ಎಲ್ಲವೂ ಆದುವು. ಮುಖ ಮುಖದಂತೆಯೇ ಇತ್ತು. ಹುಡುಗನ ಕಡೆಯ ಹಿರಿಯ ಮುತ್ತೈದೆಯೊಬ್ಬರು ಆಕೆಯ ಗಲ್ಲ ಹಿಡಿದೆತ್ತಿ ನೋಡಿದಾಗ ತಂಗಿ ಉಸಿರು ಬಿಗಿಹಿಡಿದಳು. “ಲಕ್ಷಣವಾಗಿದ್ದಾಳೆ” ಎಂದು ಹೇಳಿ ಅವರು ಊಟಕ್ಕೆ ಎದ್ದರು. ಬಣ್ಣದ ಮಾತೇ ಬರಲಿಲ್ಲ.

ಹೊರಡುವ ದಿನ ತಂಗಿ ಬೀರುವಿನಿಂದ ಹಳೆಯ ಆಲ್ಬಮನ್ನು ತೆಗೆದು ಜಗಲಿಗೆ ತಂದಳು. ಇಬ್ಬರೂ ನೋಡುತ್ತ ಕುಳಿತೆವು. ಮೊದಲು ಆಕೆ ನಕ್ಕಳು, ಆಮೇಲೆ ನಾನೂ ನಕ್ಕೆ. ನನ್ನ ಪೆಟ್ಟಿಗೆಯ ಉಳಿದ ಹನ್ನೊಂದು ಕುಂಚಗಳೆಲ್ಲಿ ಎಂದು ಕೇಳುತ್ತೀರಾ? ಮಕ್ಕಳು ಅವುಗಳನ್ನು ಚಪ್ಪರದ ಬಣ್ಣದ ನೀರಿನಲ್ಲಿ ಅದ್ದಿ ಅಂಗಳದ ಗೋಡೆಯ ಮೇಲೆ ಬೇತಮಂಗಲದ ಕೆರೆಯನ್ನು ಬರೆಯುತ್ತಿದ್ದರು. ಕೆರೆ ಚೆನ್ನಾಗಿಯೇ ಬಂದಿತ್ತು. ಬಸ್ಸಿನ ಹೊತ್ತಾದುದರಿಂದ ಬೆಳ್ಳಕ್ಕಿಗಳನ್ನು ಬರೆಯುವವರೆಗೆ ನಿಲ್ಲಲಾಗಲಿಲ್ಲ.